ಏಣಿ ಬಡಿದು ಕರೆದದ್ದು

ಅವ್ವಾ,

ನೀನು ಮಣ್ಣಾಗಿ ವರ್ಷವಾಯಿತು, ಆದರೂ ಹೇಳುತ್ತೇನೆ. ಸೈನಿಕರು ಬರ್ಮೀಸಲ್ಲಿ ಕೂಗಾಡುತ್ತ ಊರಿಗೆ ನುಗ್ಗಿದಾಗ ನಿನ್ನ ಮೊಮ್ಮಗಳಾದ ಮೂ ಪೇಯನ್ನು ಎತ್ತಿಕೊಂಡು ಕಾಡಿಗೆ ಓಡಿದೆ. ಮರಳಿದ ಮೇಲೆ ಅವಳಿಗೆ ಜ್ವರ, ಮಾತಿಲ್ಲ. ಬೆದರಿದ ಅವಳ ಜೀವ ಕಾಡಲ್ಲೇ ಉಳಿದಿದೆಯೆಂದು ಇವತ್ತು ನಮ್ಮವರ ಪದ್ಧತಿಯಂತೆ ಅನ್ನ, ಮೊಟ್ಟೆ ಇಟ್ಟು, ಸೌಟಿನಿಂದ ಮನೆಗೆ ಹತ್ತುವ ಏಣಿ ಬಡಿದು ಅದನ್ನು ಕರೆದೆ. ಶಾಲೆಯಲ್ಲಿ ಕಲಿತ ಮಾತೇ ಬಾಯಿಗೆ ಬಂತು.

ಪಕ್ಕದ ಮನೆಯ ಅತ್ತೆ ಓಡಿ ಬಂದಳು. "ಬರ್ಮೀಸಲ್ಲಿ ಕರೀತೀಯೇನೇ? ಸಿಪಾಯಿ ಬಂದ ಅಂತ ಅದು ಇನ್ನೂ ದೂರ ಓಡುತ್ತೆ! ನಮ್ಮ ಗೆಬಾ ಮಾತಲ್ಲಿ ಕರಿ."

ಗೆಬಾದಲ್ಲಿ ನನಗೆ ನೆನಪಾದದ್ದು ನಿನ್ನ ಬೈಗುಳವೊಂದೇ. "ಅನ್ನ ಆರೋಗ್ತಿದೆ, ಎಲ್ಲಿ ಹಾಳಾಗಿ ಹೋದ್ಯೇ, ಬಾರೇ!" ನಿನ್ನದೇ ರಾಗದಲ್ಲಿ ಕೂಗಿದೆ.

ಮೂ ಪೇ ಕಣ್ಣು ಬಿಟ್ಟಳು. ನನ್ನ ಬೆನ್ನ ಹಿಂದೆ ನೋಡಿ, "ಅಜ್ಜಿ" ಎಂದಳು.

ಜೀವ ಮತ್ತೆ ಹೊರಡದಂತೆ ಅವಳ ಕೈಗೆ ದಾರ ಕಟ್ಟಿದ್ದೇನೆ. ಅವ್ವಾ, ನೀನು ಮಾತ್ರ ಅವಳನ್ನು ಕರೆಯಬೇಡ.