ಪ್ರತಾಪ್ ಸರ್ ಪೇಟೆಂಟಿಗೆ ನನ್ನ ತಕರಾರು

೧೪ ಮಾರ್ಚ್ ೨೦೧೭, ಮಂಗಳವಾರ

ಹಾಗಂತ ಪ್ರತಾಪ್ ಸರ್ ಮೇಲಿನ ಅಭಿಮಾನ ಕಡಿಮೆಯಾಗಿಲ್ಲ. ಅವರ ಡ್ರೋನ್ ವಿಡಿಯೋಗಳಿಂದಲೇ ನನಗೆ ಸಿಂಗಾಪುರದಲ್ಲಿ ಗೆಳೆಯರು ಸಿಕ್ಕಿದ್ದು. ಆದರೆ ಅವರು ಪೇಟೆಂಟ್ ಕೇಳಿರುವ ಡ್ರೋನಿನ ಮಡಚುವ ರೆಕ್ಕೆ ನಮ್ಮ ಫ್ಯಾನ್ ಗ್ರೂಪಿನ ಸ್ಪಂದನಾಳ ಐಡಿಯಾ. ಗ್ರೂಪಿನಲ್ಲಿ ಅದರ ಚಿತ್ರ ಹಾಕಿದ್ದು ಅವಳು, "ಸೂಪರ್ ಕಣಮ್ಮ" ಅಂದಿದ್ದು ಸರ್. ಈಗ ಪೇಟೆಂಟ್ ಅರ್ಜಿಯಲ್ಲಿ ಕಂಡುಹಿಡಿದವರು ತಾವೊಬ್ಬರೇ ಎಂದು ಬರೆದಿದ್ದಾರೆ. ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ, ಹೊರಗಿನವರೂ ಆಕ್ಷೇಪ ಕಳಿಸಬಹುದು. ಗ್ರೂಪಿನಲ್ಲಿ ಅಷ್ಟೇ ಹೇಳಿದೆ.

"ಫ್ಯಾನ್ ಆಗಿ ಹಿಂಗಾ ಮಾಡೋದು? ಬಿಡು ಲಾ," ಎಂದು ಸಿಂಗಾಪುರದ ಧಾಟಿಯಲ್ಲಿ ಅಂದ ಅಡ್ಮಿನ್ ಸಂಕೇತ್, ನನ್ನನ್ನು ಗ್ರೂಪಿನಿಂದಲೇ ತೆಗೆದ. ಸ್ಪಂದನಾ ಮಾತ್ರ ಮೆಸೇಜ್ ಮಾಡಿದಳು: "ನಂಗೋಸ್ಕರ ಜಗಳ ಬೇಡ ಕಣೇ."

ಫೋನ್ ಈಗ ಸದ್ದೇ ಮಾಡುತ್ತಿಲ್ಲ. ಭಾನುವಾರ ನಾವೆಲ್ಲ ಸೇರುವ ಕಲ್ಲಾಂಗ್‌ಗೆ ಬಾ ಎನ್ನುವವರೂ ಇಲ್ಲ. ಆಕ್ಷೇಪ ಬರೆದಾಗಿದೆ, ಕಳಿಸಿಲ್ಲ. ಡೈರಿ, ನೀನೂ ಸುಮ್ಮನಿರು ಅಂತೀಯಾ? ಸರಿ, ನೀನೇ ಹೇಳು ನೋಡೋಣ, ಸುಮ್ಮನಿದ್ದುಕೊಂಡು ಅವರ ಮುಂದಿನ ವಿಡಿಯೋಗೆ ಲೈಕ್ ಒತ್ತೋದು ಹೇಗೆ?