ಏಳನೆಯ ಬಾಟಲಿ

ಮಾರ್ಚ್ ೧೪, ಗುರುವಾರ

ಹೋದ ತಿಂಗಳ ಜ್ವರದ ನಂತರ ನಮ್ಮ ರೆಸ್ಟೋರೆಂಟಿನ ಮಾಲೀಕರಿಗೆ ವಾಸನೆಯೇ ತಿಳಿಯುತ್ತಿಲ್ಲ. ಅದು ಗೊತ್ತಿರುವುದು ನನಗೊಬ್ಬಳಿಗೇ. ಇವತ್ತು ವ್ಯಾಪಾರಿ ನಮ್ಮ ಹೊಸ ವೈನ್ ಪಟ್ಟಿಗೆಂದು ಹನ್ನೆರಡು ಬಾಟಲಿ ತಂದಾಗ ಅವರು ಗ್ಲಾಸನ್ನು ನನ್ನ ಕಡೆ ಸರಿಸಿದರು. ಒಂಬತ್ತು ವರ್ಷ ವೈನ್ ಬಡಿಸಿದ್ದೇನೆಯೇ ಹೊರತು ಆರಿಸಿದವಳಲ್ಲ.

ಏಳನೆಯ ಬಾಟಲಿಗೆ ಒದ್ದೆ ರಟ್ಟಿನ ವಾಸನೆಯಿತ್ತು. ಎಲ್ಲಕ್ಕಿಂತ ದುಬಾರಿಯದೂ ಅದೇ.

"ಇದು ಕೆಟ್ಟಿದೆ" ಎಂದೆ.

ವ್ಯಾಪಾರಿ ನಕ್ಕ. "ತಟ್ಟೆ ಹಿಡಿಯೋರೆಲ್ಲ ವೈನ್ ಪರೀಕ್ಷೆ ಮಾಡೋ ಕಾಲ ಬಂತಾ? ನೀವೇ ಹೇಳಿ ಸಾರ್."

ಮಾಲೀಕರು ಗ್ಲಾಸ್ ಮುಟ್ಟಲೇ ಇಲ್ಲ. "ಅವಳು ಕೆಟ್ಟಿದೆ ಅಂದ್ರೆ ಕೆಟ್ಟಿದೆ. ಬೇಕಾದ್ರೆ ನೀವೇ ಒಂದು ಗುಟುಕು ಕುಡೀರಿ."

ಕುಡಿದ. ಮುಖ ಹುಳ್ಳಗಾಯಿತು. ಬಾಟಲಿಗೆ ಬಿರಡೆ ತುರುಕಿದ.

ಅವನು ಹೋದ ಮೇಲೆ ಮಾಲೀಕರು ಖಾಲಿ ಹಾಳೆಯನ್ನು ನನ್ನ ಮುಂದಿಟ್ಟರು. "ಈ ಸಲದ ಪಟ್ಟಿ ನೀನೇ ಬರಿಯಮ್ಮ."

ಅಮ್ಮನಿಗೆ ಫೋನ್ ಮಾಡಿದೆ. "ಹಾಲು ಒಡೆಯೋಕೆ ಮುಂಚೇನೇ ಮೂಸಿ ಹೇಳ್ತಿದ್ದವಳಲ್ವೇನೇ ನೀನು!" ಎಂದಳು.

ನಿದ್ದೆ ಎಲ್ಲಿಯದು? ಪಟ್ಟಿಯ ಮೊದಲ ಸಾಲಿಗೆ ಮೂರನೆಯ ಬಾಟಲಿಯ ಕೆಂಪು ವೈನ್. ಅಲ್ಲ, ಹತ್ತನೆಯದು. ಅಥವಾ ಎರಡನ್ನೂ ಒಟ್ಟಿಗೇ ಇಟ್ಟು...