ನಮ್ಮವಳಲ್ಲ ಎಂದು ಬರೆದುಕೊಟ್ಟವರಿಗೆ

ಎನುಗು, 6 ಮಾರ್ಚ್ 1989

ಇಕೆಂಬಾ ಚಿಕ್ಕಪ್ಪನವರಿಗೆ,

ಅಕ್ಕ ಉಗೋಮಾ ಸಿಕ್ಕಿದ್ದಾಳೆ.

ನನಗೊಬ್ಬ ಅಕ್ಕನಿದ್ದಳೆಂದು ಅಮ್ಮ ಬಾಯಿಬಿಟ್ಟಿದ್ದೇ ಸಾಯುವ ಮುನ್ನಾದಿನ. ಬಿಯಾಫ್ರಾ ಯುದ್ಧದಲ್ಲಿ ಹಸಿದ ಮಕ್ಕಳನ್ನು ವಿಮಾನದಲ್ಲಿ ಗಬಾನಿಗೆ ಸಾಗಿಸಿದಾಗ, ನಿಮ್ಮ ಮಗನ ಜೊತೆ ಅವಳನ್ನೂ ಕಳಿಸಿದ್ದಳಂತೆ. ಯುದ್ಧ ಮುಗಿದ ಮೇಲೆ ಇಬ್ಬರನ್ನೂ ಕರೆತರಲು ಪೋರ್ಟ್ ಹಾರ್ಕೋರ್ಟಿಗೆ ಹೋದವರು ನೀವು. ಮಗನನ್ನಷ್ಟೇ ಕರೆತಂದು, "ಹುಡುಗಿ ಗಬಾನಲ್ಲೇ ತೀರ್ಕೊಂಡ್ಲಂತೆ, ಇನ್ಮೇಲೆ ಈ ಮನೇಲಿ ಅವಳ ಹೆಸರು ಎತ್ಬೇಡಿ" ಅಂದಿರಿ. ಅಮ್ಮ ಎತ್ತಲಿಲ್ಲ.

ನನಗೆ ನಂಬಿಕೆ ಬರದೆ ಪೋರ್ಟ್ ಹಾರ್ಕೋರ್ಟಿಗೇ ಹೋಗಿ ವಿಚಾರಿಸಿದೆ. ಅವಳು ಅಲ್ಲಿನ ಅನಾಥಾಲಯದಲ್ಲೇ ಬೆಳೆದಿದ್ದಾಳೆ. ನಮ್ಮೂರಿನಿಂದ ಬಸ್ಸಿನಲ್ಲಿ ಮೂರು ಗಂಟೆ ದಾರಿ, ಚಿಕ್ಕಪ್ಪ. ಹದಿನೆಂಟು ವರ್ಷ! ಹಳೆಯ ದಾಖಲೆ ಪುಸ್ತಕದಲ್ಲಿ "ಈ ಹುಡುಗಿ ನಮ್ಮವಳಲ್ಲ" ಎಂಬ ಸಾಲಿನ ಕೆಳಗೆ ನಿಮ್ಮ ಸಹಿ ಇದೆ. ನನ್ನ ಕಣ್ಣಾರೆ ನೋಡಿದೆ. ಅಪ್ಪ ಯುದ್ಧದಲ್ಲಿ ಸತ್ತಿದ್ದ. ಅವನ ಹೆಣ್ಣುಮಗುವಿಗೆ ಒಂದು ತಟ್ಟೆ ಊಟ ಹಾಕುವುದು ನಿಮಗೆ ಅಷ್ಟು ಭಾರವಾಯಿತೇ?

ಆ ದಿನ ಅವಳಿಗೆ ನೆನಪಿದೆ. "'ಚಿಕ್ಕಪ್ಪಾ, ನಾನೇ' ಅಂತ ಕೂಗ್ದೆ ಕಣೇ. ಗಬಾನಲ್ಲಿ ತಿಂದು ತಿಂದು ಗುಂಡಗಾಗಿದ್ನಲ್ಲ! ಪಾಪ, ಅವರಿಗೆ ಗುರುತೇ ಸಿಗ್ಲಿಲ್ಲ" ಎಂದು ನಕ್ಕಳು.

ನಾನು ಅವಳನ್ನು ತಿದ್ದಲಿಲ್ಲ. ಅದು ನಿಮ್ಮ ಕೆಲಸ.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಬರುತ್ತೇವೆ. ಕೋಲಾ ಕಾಯಿ ಒಡೆದು ಸ್ವಾಗತಿಸುವ ಶಾಸ್ತ್ರವೆಲ್ಲ ಬೇಡ, ಊರಲ್ಲಿರಿ ಸಾಕು. ಅವಳು ನಿಮಗೆಂದು ಅಂದಾಜಿನಲ್ಲೇ ಒಂದು ಅಂಗಿ ಹೊಲಿದಿದ್ದಾಳೆ. ಅಳತೆ ಸರಿಯಿದೆಯೇ ಎಂದು ನಿಮ್ಮ ಹೆಗಲಿಗೆ ಹಿಡಿದು ನೋಡುತ್ತಾಳಂತೆ.

ಆಗ ಹೇಳಿ.

ನಿಮ್ಮ ಅಣ್ಣನ ಮಗಳು,
ಎಜಿನ್ನೆ